ಸಯಾಮ ಜೂ ಅವರನ್ನು ಓದುವುದು ಹೇಗೆ: ಬರ್ಮೀಸ್‌ನಿಂದ ನೇರ ಕನ್ನಡಕ್ಕೆ

ಬರ್ಮಾದ ಯಾಂಗೋನ್ (ರಂಗೂನ್) ಪೇಟೆಯ ಹಳೇ ಕಟ್ಟಡಗಳಿಗೆ ಲಿಫ್ಟ್ ಇರುವುದು ಕಡಿಮೆ. ಹಾಗಾಗಿ ಬಾಲ್ಕನಿಯಿಂದ ಬೀದಿಗೆ ಹಗ್ಗ ಇಳಿಬಿಟ್ಟಿರುತ್ತಾರೆ. ಕೆಳತುದಿಗೆ ಒಂದು ಕ್ಲಿಪ್ಪು, ಮೇಲ್ತುದಿಗೆ ಪುಟ್ಟ ಗಂಟೆ. ಪೇಪರು, ಬಿಲ್ಲು, ತಿಂಡಿ ಪೊಟ್ಟಣ ಎಲ್ಲವೂ ಹಗ್ಗದಲ್ಲೇ ಮೇಲೆ ಬರುತ್ತವೆ. ನಾನಿದ್ದದ್ದು ಐದನೇ ಮಹಡಿಯಲ್ಲಿ. 2013ರ ಮಳೆಗಾಲದ ಒಂದು ಸಂಜೆ ಗಂಟೆ ಅಲ್ಲಾಡಿತು. ಹಗ್ಗ ಎಳೆದುಕೊಂಡೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಪುಸ್ತಕವೊಂದು ಬಂತು. ಬೆನ್ನಿಗೆ ದಪ್ಪ ದಾರದ ಹೊಲಿಗೆ, ಅಂಚುಗಳು ಎಣ್ಣೆಗೈ ತಗುಲಿ ಕಂದಾಗಿದ್ದವು. ಬಾಡಿಗೆ ಪುಸ್ತಕದ ಅಂಗಡಿಯದು, ದಿನಕ್ಕೆ 100 ಚಾಟ್ (ಅಲ್ಲಿನ ಹಣ). ಮೂರನೇ ಮಹಡಿಯಲ್ಲಿದ್ದ ರಿಟೈರ್ಡ್ ಟೀಚರಮ್ಮ ನನ್ನ ಹೆಸರಿನಲ್ಲಿ ಕಳಿಸಿದ್ದರು. ಮುಖಪುಟದ ಮೇಲೆ ಲೇಖಕಿಯ ಹೆಸರು ಒಂದೇ ಒಂದು ಅಕ್ಷರದಷ್ಟು. ಜೂ. ಅಲ್ಲಿನವರು ಕರೆಯುವುದು ಸಯಾಮ ಜೂ ಅಂತ, ಸಯಾಮ ಅನ್ನುವುದು ಹೆಂಗಸರಿಗೆ ಗೌರವದ ಕರೆ.

ಲೆಕ್ಕಪತ್ರದ ಕೆಲಸಕ್ಕೆಂದು ಆ ಊರಿಗೆ ಹೋಗಿದ್ದೆ. ಮೂರು ವರ್ಷ ಇದ್ದೆ. ಆ ಮೂರು ವರ್ಷದಲ್ಲಿ ನಾನು ಕಲಿತ ಒಳ್ಳೆಯ ವಿಷಯ ಅಂದರೆ ಜೂ ಅವರನ್ನು ಅವರ ಭಾಷೆಯಲ್ಲೇ ಓದುವುದು. ಕನ್ನಡದವರಿಗೆ ಇದು ಅಂದುಕೊಂಡಷ್ಟು ಕಷ್ಟವಲ್ಲ. ಆದರೆ ದಾರಿ ಸರಿಯಾಗಿ ಹಿಡಿಯಬೇಕು. ನಾನು ಮೊದಲು ತಪ್ಪು ದಾರಿ ಹಿಡಿದು ಎರಡು ತಿಂಗಳು ಕಳೆದುಕೊಂಡೆ. ನಿಮಗೆ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಯಾರಿವರು

ಹುಟ್ಟಿದ್ದು 1958ರಲ್ಲಿ. ಮನೆಯವರಿಟ್ಟ ಹೆಸರು ತಿನ್ ತಿನ್ ವಿನ್. ಊರು ಯೆನಾಂಜಾಂಗ್, ಮಧ್ಯ ಬರ್ಮಾದ ಒಣ ಸೀಮೆಯಲ್ಲಿ, ಐರಾವತಿ ನದಿಯ ದಡದಲ್ಲಿದೆ. ಬರ್ಮೀಸ್‌ನಲ್ಲಿ ಪೆಟ್ರೋಲಿಯಮ್ಮಿಗೆ ಯೆನಾನ್ ಅನ್ನುತ್ತಾರೆ. ಬಿಡಿಸಿದರೆ ‘ವಾಸನೆ ನೀರು’. ಜಾಂಗ್ ಅಂದರೆ ಹಳ್ಳ. ಅಂದರೆ ಎಣ್ಣೆ ಹಳ್ಳ. ಬ್ರಿಟಿಷರ ಕಾಲಕ್ಕೂ ಮೊದಲೇ ಅಲ್ಲಿ ಜನ ಕೈಯಿಂದ ಬಾವಿ ತೋಡಿ ಎಣ್ಣೆ ಎತ್ತುತ್ತಿದ್ದರು. 1942ರಲ್ಲಿ ಜಪಾನೀಯರ ಕೈಗೆ ಸಿಗಬಾರದೆಂದು ಬ್ರಿಟಿಷರು ಹಿಂದೆ ಸರಿಯುವಾಗ ಆ ಎಣ್ಣೆ ಬಾವಿಗಳನ್ನು ತಾವೇ ನಾಶ ಮಾಡಿದರು. ಜೂ ಅಂಥ ಊರಿನ ಹುಡುಗಿ.

ವೈದ್ಯಕೀಯ ಓದಿದ್ದು ಮಂಡಾಲೆಯಲ್ಲಿ. ಮಂಡಾಲೆ ಅಂದ ಕೂಡಲೇ ನಮಗೆ ತಿಲಕರ ಜೈಲು ನೆನಪಾಗುತ್ತದೆ, ಅಲ್ವಾ? ಅಲ್ಲಿನವರಿಗೆ ಅದು ಅರಮನೆಯ ಊರು, ಕಾಲೇಜಿನ ಊರು. ಹತ್ತನೇ ತರಗತಿಯ ಪರೀಕ್ಷೆಯ ಅಂಕದ ಮೇಲೆ ಆಗ ಅಲ್ಲಿ ಮೆಡಿಕಲ್ ಸೀಟು ಸಿಗುತ್ತಿತ್ತು. ಬಹಳ ಕಾಲ ಹುಡುಗಿಯರಿಗೆ ಹುಡುಗರಿಗಿಂತ ಜಾಸ್ತಿ ಅಂಕ ಬೇಕಿತ್ತು. ಇದನ್ನು ನನಗೆ ಹೇಳುವಾಗ ಟೀಚರಮ್ಮನ ದನಿ ಗಡುಸಾಗಿತ್ತು. ಅವರು ಹೆಣ್ಣುಮಕ್ಕಳಿಗೆ ಪಾಠ ಹೇಳಿದವರು.

1987ರಲ್ಲಿ ಜೂ ಅವರ ಮೊದಲ ಕಾದಂಬರಿ ಬಂತು. ಹೆಸರು ‘ಅಹ್ಮಾತಯ’, ಅಂದರೆ ನೆನಪಿಗಾಗಿ. ಮದುವೆಯಾಗದೆ ಒಬ್ಬನ ಜೊತೆ ಬಾಳುವ ಹೆಣ್ಣಿನ ಕಥೆ. ಊರೆಲ್ಲ ಗಲಾಟೆಯಾಯಿತು. ಬೈದವರೂ ಓದಿದರು, ಮೆಚ್ಚಿದವರೂ ಓದಿದರು. ಆಮೇಲೆ ಅವರು ಬರೆದ ಪುಸ್ತಕಗಳು ಒಂದರ ಮೇಲೊಂದು ಖರ್ಚಾದವು. ತನ್ನ ದುಡಿಮೆ ತನಗಿರುವ, ತನ್ನ ಮನಸ್ಸು ತಾನೇ ನೋಡಿಕೊಳ್ಳುವ ಹೆಂಗಸರು ಅವರ ಕಥೆಗಳಲ್ಲಿ ಮತ್ತೆ ಮತ್ತೆ ಬರುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಕಾಡು, ನದಿ, ಪರಿಸರದ ಬಗ್ಗೆಯೂ ತುಂಬಾ ಬರೆದಿದ್ದಾರೆ.

ಹೆಸರಾದ ಕಾದಂಬರಿಯಿಂದ ಶುರು ಮಾಡಬೇಡಿ

ನಾನು ಮಾಡಿದ ತಪ್ಪು ಇದೇ. ಹೆಸರು ಕೇಳಿದ್ದೆ, ಅದನ್ನೇ ಹಿಡಿದು ಕೂತೆ. ಎರಡು ತಿಂಗಳಲ್ಲಿ ಹನ್ನೊಂದು ಪುಟ. ಯಾರು ಯಾರೊಂದಿಗೆ ಮಾತಾಡುತ್ತಿದ್ದಾರೆ ಅಂತ ಕೂಡ ಗೊತ್ತಾಗುತ್ತಿರಲಿಲ್ಲ. ಪುಸ್ತಕ ಮುಚ್ಚಿಟ್ಟೆ, ಬೇಜಾರಾಯಿತು. ಟೀಚರಮ್ಮ ಅದನ್ನು ವಾಪಸ್ ತೆಗೆದುಕೊಂಡು ಹೋಗಿ ಹಳೇ ಮಾಸಪತ್ರಿಕೆಯ ಏಳೆಂಟು ಪುಟದ ಸಣ್ಣಕಥೆಯೊಂದನ್ನು ಕಳಿಸಿದರು. ಅದೂ ಜೂ ಅವರದೇ. ಅದು ನಾಲ್ಕು ವಾರದಲ್ಲಿ ಮುಗಿಯಿತು. ಮುಗಿಸಿದ ಖುಷಿಯೇ ಮುಂದಿನ ಕಥೆಗೆ ಕರೆದೊಯ್ಯಿತು.

ಬರ್ಮೀಸ್ ಓದುಗರು ಮಾಸಪತ್ರಿಕೆಗಳಲ್ಲೇ ಬೆಳೆದವರು. ಅಲ್ಲಿನ ಬಹಳಷ್ಟು ಕಥೆಗಾರರು ಓದುಗರಿಗೆ ಮೊದಲು ಪರಿಚಯವಾದದ್ದು ಮಾಸಪತ್ರಿಕೆಗಳಿಂದ. ನೀವೂ ಸಣ್ಣಕಥೆಯಿಂದಲೇ ಶುರು ಮಾಡಿ. ಆಮೇಲೆ ಪ್ರಬಂಧ. ಕಾದಂಬರಿ ಕೊನೆಗೆ.

ಅಕ್ಷರ: ಮೂರು ವಾರ ಸಾಕು

ದಿನಕ್ಕೆ ಅರ್ಧ ಗಂಟೆ ಕೊಟ್ಟರೆ ಮೂರು ವಾರದಲ್ಲಿ ಅಕ್ಷರ ಬರುತ್ತದೆ. ಸುಮ್ನೆ ಧೈರ್ಯಕ್ಕೆ ಹೇಳುತ್ತಿಲ್ಲ. ಬರ್ಮೀಸ್ ಲಿಪಿ ದಕ್ಷಿಣ ಭಾರತದ ಬ್ರಾಹ್ಮಿಯಿಂದ ಹೊರಟು, ಮೋನ್ ಜನರ ಕೈ ದಾಟಿ ಬಂದದ್ದು. ನಮ್ಮ ಹಾಗೇ ದುಂಡಕ್ಷರ. 33 ವ್ಯಂಜನ. ಕ ಖ ಗ ಘ ಙ ಅನ್ನುವ ಅದೇ ಸಾಲು, ಅದೇ ಕ್ರಮ. ಒಂದನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ನಿಘಂಟು ತಿರುವುವಾಗ ಕೈ ತಾನಾಗಿ ಸರಿಯಾದ ಕಡೆಗೆ ಹೋಗುತ್ತದೆ.

ಅಲ್ಲಿನ ಮಕ್ಕಳು ಮೊದಲು ತಿದ್ದುವುದು ವಲೋನ್, ಅಂದರೆ ದುಂಡು ವ. ಅದು ಬರೀ ಒಂದು ಸೊನ್ನೆ. ಕೈ ಎತ್ತದೆ, ಮೊಟ್ಟೆಯಾಗದೆ, ದುಂಡಗೆ ಬರೆಯಬೇಕು. ನನ್ನಿಂದ ಟೀಚರಮ್ಮ ಒಂದು ಪುಟ ತುಂಬಾ ಸೊನ್ನೆ ಬರೆಸಿದರು. ಉಳಿದ ಅಕ್ಷರಗಳೆಲ್ಲ ಆ ಸೊನ್ನೆಯನ್ನು ಕತ್ತರಿಸಿ, ಜೋಡಿಸಿ, ಬಾಲ ಸೇರಿಸಿ ಮಾಡಿದ ಹಾಗಿವೆ.

ಮೋಸ ಮಾಡುವುದು ಉಚ್ಚಾರ. ಬರೆಯುವುದು ಒಂದು, ಓದುವುದು ಇನ್ನೊಂದು. ಈ ಮೂರನ್ನು ಗೋಡೆಗೆ ಅಂಟಿಸಿಕೊಳ್ಳಿ. ಚ ಛ ಸಾಲನ್ನು ಸ ಅಂತ ಓದಬೇಕು. ರ ಬಂದರೆ ಸಾಮಾನ್ಯವಾಗಿ ಯ. ಸ ಬಂದರೆ ತ, ಅದೂ ನಾಲಿಗೆ ತುದಿಯನ್ನು ಹಲ್ಲಿನ ನಡುವೆ ಇಟ್ಟು. ಇದು ಗೊತ್ತಾದ ದಿನ ನನಗೆ ಒಂದು ಬಾಗಿಲು ತೆರೆಯಿತು. ಜೂ ಅವರ ಹಾಗೆಯೇ ವೈದ್ಯೆಯೂ ಲೇಖಕಿಯೂ ಆದ ಇನ್ನೊಬ್ಬರಿದ್ದಾರೆ, ಮ ತೀದಾ. ಅವರ ಹೆಸರನ್ನು ಅಕ್ಷರ ಕೂಡಿಸಿ ಓದಿದೆ. ಸ, ಈ, ತ, ಆ. ಸೀತಾ! ನಮ್ಮ ಸೀತೆಯೇ ಅಲ್ಲಿ ತೀದಾ.

ಇನ್ನೊಂದು ಗುಟ್ಟು ಹೇಳುತ್ತೇನೆ. ಅಕ್ಷರದ ಕೆಳಗೆ ಒತ್ತಕ್ಷರ ಕಂಡರೆ ಅದು ಹೆಚ್ಚಾಗಿ ಪಾಳಿಯಿಂದ ಬಂದ ಪದ. ಅಂದರೆ ನಿಮಗೆ ಅರ್ಧ ಗೊತ್ತಿರುವ ಪದ. ಕಾದಂಬರಿಗೆ ಅವರು ಹೇಳುವುದು ‘ವುತ್ಥು’. ಬರೆಯುವುದು ವತ್ಥು, ನಮ್ಮ ‘ವಸ್ತು’. ದೋಕ್ಖ ಅಂದರೆ ದುಃಖ. ಪರೀಕ್ಷೆಯ ಡಿಸ್ಟಿಂಕ್ಷನ್ನಿಗೆ ‘ಗೋನ್‌ಥು’, ಅದರಲ್ಲಿರುವ ಗೋನ್ ನಮ್ಮ ‘ಗುಣ’. ಕಥೆಗಳಲ್ಲಿ ಹೆಜ್ಜೆಹೆಜ್ಜೆಗೂ ಬರುವ ‘ತಾನ್ಯೋಜಿನ್’ ಪಾಳಿಯ ‘ಸಂಯೋಜನ’. ಬೌದ್ಧ ಗ್ರಂಥದಲ್ಲಿ ಅದು ಮನುಷ್ಯನನ್ನು ಸಂಸಾರಕ್ಕೆ ಕಟ್ಟುವ ಬಂಧನ. ಕಥೆಯಲ್ಲಿ ಅದೇ ಪದಕ್ಕೆ ಬಿಟ್ಟರೂ ಬಿಡದ ಅಂಟು ಅನ್ನುವ ಅರ್ಥ. ಪ್ರೀತಿ ಮುಗಿದ ಮೇಲೂ ಉಳಿಯುವಂಥದ್ದು. ಇದನ್ನು ನಾನು ನೋಟ್‌ಬುಕ್ಕಿನಲ್ಲಿ ‘ನಂಟು’ ಅಂತ ಬರೆದುಕೊಂಡಿದ್ದೇನೆ. ಅಂಟಿದ ನಂಟು ಅಂತೀವಲ್ಲ, ಅದು.

ದನಿಯ ಏರಿಳಿತ ಮಾತ್ರ ಕಿವಿಯಿಂದಲೇ ಬರಬೇಕು. ಒಂದೇ ‘ಮಾ’ ಮೂರು ಥರ ಹೇಳಿದರೆ ಮೂರು ಅರ್ಥ. ಲಂಡನ್ನಿನ ಸೋಆಸ್ ವಿಶ್ವವಿದ್ಯಾಲಯದಲ್ಲಿದ್ದ ಜಾನ್ ಓಕೆಲ್ ಅವರ ‘ಬರ್ಮೀಸ್ ಬೈ ಇಯರ್’ ಅನ್ನುವ ಆಡಿಯೊ ಪಾಠ ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತದೆ. ಅಡುಗೆ ಮಾಡುತ್ತಾ ಕೇಳಿ. ಪದಕ್ಕೆ ಸೀಲ್ಯಾಂಗ್ ಅನ್ನುವ ಆನ್‌ಲೈನ್ ನಿಘಂಟು ಇದೆ. ನಾನು ಇಂಗ್ಲಿಷ್ ಹಿಡಿದುಕೊಂಡದ್ದು ಈ ಎರಡಕ್ಕೆ ಮಾತ್ರ.

ಮೂರು ಸಾಲಿನ ನೋಟ್‌ಬುಕ್

ಈ ಬರಹದಲ್ಲಿ ನೀವು ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಬರ್ಮೀಸನ್ನು ಇಂಗ್ಲಿಷಿಗೆ ತಂದು, ಅಲ್ಲಿಂದ ಕನ್ನಡಕ್ಕೆ ತರಬೇಡಿ. ನೇರ ತನ್ನಿ. ಬರ್ಮೀಸ್ ವಾಕ್ಯ ನಮ್ಮ ಹಾಗೇ ನಡೆಯುತ್ತದೆ. ಕ್ರಿಯಾಪದ ಕೊನೆಗೆ. ವಿಭಕ್ತಿ ಪದದ ಕೊನೆಗೆ.

ಉದಾಹರಣೆಗೆ ಒಂದು ಸಾದಾ ವಾಕ್ಯ. ‘ಚಮ ಸಾಓ ಫಾತೆ.’ ಚಮ ಅಂದರೆ ನಾನು. ಸಾಓ ಅಂದರೆ ಪುಸ್ತಕ. ಫಾತೆ ಅಂದರೆ ಓದುತ್ತೇನೆ. (ಇಲ್ಲಿ ಫ ಅಂದರೆ ಫಲದ ಫ, ಫ್ಯಾನಿನದಲ್ಲ.) ನಾನು ಪುಸ್ತಕ ಓದುತ್ತೇನೆ. ಒಂದು ಪದವನ್ನೂ ಅತ್ತಿತ್ತ ಮಾಡಬೇಕಿಲ್ಲ.

ಇನ್ನೊಂದು. ‘ಲಾದೆ ಮೇಂಖಲೇ.’ ಲಾ ಅಂದರೆ ಬರು. ಲಾದೆ, ಬಂದ. ಮೇಂಖಲೇ, ಹುಡುಗಿ. ಬಂದ ಹುಡುಗಿ. ಇಂಗ್ಲಿಷಿನಲ್ಲಿ ಇದನ್ನು ಹೇಳಬೇಕಾದರೆ ಹುಡುಗಿಯನ್ನು ಮೊದಲು ನಿಲ್ಲಿಸಿ, ಆಮೇಲೆ ‘ಯಾರು ಬಂದಳೋ’ ಅಂತ ಬಾಲ ಕಟ್ಟಬೇಕು. ಬರ್ಮೀಸ್ ಕಥೆಯಲ್ಲಿ ನಾಮಪದಕ್ಕೂ ಮೊದಲು ಮೂರು ಸಾಲು ಉದ್ದದ ಇಂಥ ವಿಶೇಷಣ ಬರುತ್ತದೆ. ‘ನಿನ್ನೆ ಮಳೆಯಲ್ಲಿ ಕೊಡೆ ಇಲ್ಲದೆ ನಮ್ಮ ಮನೆ ಮುಂದೆ ನಿಂತಿದ್ದ ಹುಡುಗಿ’ ಅನ್ನುವ ಹಾಗೆ. ನಮಗೆ ಅದು ಸಲೀಸು.

ಹಾಗಾಗಿ ನೋಟ್‌ಬುಕ್ಕಿನಲ್ಲಿ ಮೂರು ಸಾಲು ಮಾಡಿಕೊಳ್ಳಿ. ಮೊದಲ ಸಾಲಿನಲ್ಲಿ ಬರ್ಮೀಸ್ ಉಚ್ಚಾರ, ಕನ್ನಡ ಅಕ್ಷರದಲ್ಲಿ. ಎರಡನೆಯದರಲ್ಲಿ ಪ್ರತಿ ಪದದ ಕೆಳಗೆ ಕನ್ನಡ ಪದ. ಮೂರನೆಯದರಲ್ಲಿ ನಿಮ್ಮ ಮನೆಯಲ್ಲಿ ನೀವು ಆಡುವ ಹಾಗೆ ಒಂದು ವಾಕ್ಯ. ಮೂರನೇ ಸಾಲಿಗೆ ಅವಸರ ಮಾಡಬೇಡಿ. ನಾನು ಎರಡು ಸಾಲು ಇವತ್ತು ಬರೆದು, ಮೂರನೆಯದನ್ನು ಮಾರನೇ ದಿನ ಬರೆಯುತ್ತಿದ್ದೆ. ರಾತ್ರಿ ಕಳೆದ ಮೇಲೆ ವಾಕ್ಯ ತಾನಾಗಿ ಕನ್ನಡವಾಗಿರುತ್ತದೆ.

ಪದಗಳ ನಡುವೆ ಜಾಗ ಇರುವುದಿಲ್ಲ, ಇದು ಮೊದಮೊದಲು ಕಾಡುತ್ತದೆ. ಒಂದಷ್ಟು ಪದ ಸೇರಿದ ಮೇಲೆ ಸ್ವಲ್ಪ ಜಾಗ ಬಿಡುತ್ತಾರೆ. ವಾಕ್ಯ ಮುಗಿದಾಗ ಎರಡು ಪುಟ್ಟ ನೇರ ಗೆರೆ, ನಮ್ಮ ಹಳೇ ಪದ್ಯಗಳ ಕೊನೆಯಲ್ಲಿ ಇರುತ್ತವಲ್ಲ, ಹಾಗೇ. ಮೊದಲು ಪುಟದ ಎಲ್ಲ ಜೋಡಿಗೆರೆಗೂ ಪೆನ್ಸಿಲಿನಲ್ಲಿ ಗುರುತು ಹಾಕಿ. ಆಗ ಪುಟ ತುಂಡುತುಂಡಾಗಿ ಕಣ್ಣಿಗೆ ಸಿಗುತ್ತದೆ.

ಮತ್ತೆ, ಮೊದಲ ಸಲ ಓದುವಾಗ ಸಂಭಾಷಣೆ ಮಾತ್ರ ಓದಿ. ಬರ್ಮೀಸ್‌ನಲ್ಲಿ ಬರಹದ ಭಾಷೆ ಬೇರೆ, ಆಡುವ ಭಾಷೆ ಬೇರೆ. ಮಾತಿನಲ್ಲಿ ಕ್ರಿಯಾಪದ ‘ತೆ’ ಅಂತ ಮುಗಿದರೆ ಗ್ರಂಥದ ಭಾಷೆಯಲ್ಲಿ ‘ತಿ’ ಅಂತ ಮುಗಿಯುತ್ತದೆ. 1965ರಲ್ಲಿ ಮಂಡಾಲೆಯ ಕಡೆಯ ಲೇಖಕರು ಗ್ರಂಥಭಾಷೆ ಬಿಟ್ಟು ಆಡುಮಾತಿನಲ್ಲೇ ಬರೆಯೋಣ ಅಂತ ಹೊರಟಿದ್ದರು. ಎರಡೂ ಇವತ್ತಿಗೂ ಉಳಿದಿವೆ. ‘ಬರುತ್ತಾಳೆ’, ‘ಬರ್ತಾಳೆ’ ಎರಡನ್ನೂ ದಿನಾ ಬಳಸುವ ನಮಗೆ ಇದು ಹೊಸದಲ್ಲ.

‘ನಾನು’ ಅಂದವರು ಯಾರು

ಜೂ ಅವರನ್ನು ಓದುವಾಗ ನಿಧಾನ ಮಾಡಬೇಕಾದ ಜಾಗ ಇದು. ಕನ್ನಡದಲ್ಲಿ ‘ನಾನು’ ಅಂದರೆ ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. ಬರ್ಮೀಸ್‌ನಲ್ಲಿ ಬಾಯಿ ತೆರೆದ ಕೂಡಲೇ ಗೊತ್ತಾಗುತ್ತದೆ. ಹೆಂಗಸು ‘ಚಮ’ ಅಂದರೆ ಗಂಡಸು ‘ಚನೋ’ ಅನ್ನುತ್ತಾನೆ. ಎರಡರ ಬೇರಿನಲ್ಲೂ ಇರುವುದು ‘ಚುನ್’, ಅಂದರೆ ಆಳು, ದಾಸ. ವಿನಯಕ್ಕೆ ಹುಟ್ಟಿದ ಪದಗಳು. ತನ್ನ ಬದುಕನ್ನು ತಾನೇ ನಡೆಸುತ್ತೇನೆ ಅನ್ನುವ ಹೆಣ್ಣು ಆ ಮಾತನ್ನು ‘ಚಮ’ ಅಂತಲೇ ಶುರು ಮಾಡಬೇಕು. ಆ ಇಕ್ಕಟ್ಟು ಮೂಲದಲ್ಲಿ ಮಾತ್ರ ಕಾಣುತ್ತದೆ.

ಅದೇ ಹೆಣ್ಣು ಗೆಳತಿಯ ಹತ್ತಿರ, ಇಲ್ಲವೇ ಮನಸ್ಸಿನಲ್ಲೇ ಮಾತಾಡುವಾಗ ‘ಙಾ’ ಅನ್ನುತ್ತಾಳೆ. ಹಿರಿಯರ ಮುಂದೆ ‘ತಮೀ’ ಅನ್ನುತ್ತಾಳೆ, ಅಂದರೆ ಮಗಳು. ‘ನಾನು ಹೋಗುವುದಿಲ್ಲ’ ಅನ್ನುವ ಒಂದೇ ಮಾತನ್ನು ನೋಡಿ. ‘ಚಮ ಮತ್ವಾಬು’ ಅಂದರೆ ಮರ್ಯಾದೆಯಿಂದ, ಸ್ವಲ್ಪ ದೂರ ನಿಂತು ಹೇಳಿದ್ದು. ‘ಙಾ ಮತ್ವಾಬು’ ಅಂದರೆ ಸಲಿಗೆ, ಅಥವಾ ಸಿಟ್ಟು. ‘ತಮೀ ಮತ್ವಾಬು’ ಅಂದರೆ ಅಮ್ಮನ ಮುಂದೆ, ಇಲ್ಲವೇ ಅಮ್ಮನಂಥವರ ಮುಂದೆ. ಟೀಚರಮ್ಮ ನನ್ನನ್ನು ಕರೆಯುತ್ತಿದ್ದದ್ದೇ ‘ತಮೀ’ ಅಂತ. ಒಂದು ತಿಂಗಳಾದ ಮೇಲೆ ನಾನೂ ಅವರ ಹತ್ತಿರ ನನ್ನನ್ನು ‘ತಮೀ’ ಅಂದುಕೊಳ್ಳತೊಡಗಿದೆ. ಅವತ್ತು ಅವರು ಏನೂ ಹೇಳಲಿಲ್ಲ. ಒಳಗೆ ಹೋಗಿ ಲಫೆ ತಂದು ಮುಂದಿಟ್ಟರು, ಹುದುಗಿಸಿದ ಟೀ ಎಲೆ, ಜೊತೆಗೆ ಹುರಿದ ಕಾಳು.

ಹಾಗಾಗಿ ಪುಟದ ಅಂಚಿನಲ್ಲಿ ಸರ್ವನಾಮ ಬದಲಾದಾಗಲೆಲ್ಲ ಗುರುತು ಹಾಕಿ. ಒಂದು ಪಾತ್ರ ಇನ್ನೊಂದಕ್ಕೆ ಹತ್ತಿರವಾದದ್ದು, ದೂರವಾದದ್ದು ಅಲ್ಲೇ ತಿಳಿಯುತ್ತದೆ.

‘ಅವನು’, ‘ಅವಳು’ ವಿಷಯದಲ್ಲಿ ಇದು ಪೂರ್ತಿ ತಿರುವುಮುರುವು. ಅಲ್ಲಿ ‘ತು’ ಅಂದರೆ ಅವನೂ ಹೌದು, ಅವಳೂ ಹೌದು. ಬರಹದಲ್ಲಿ ಬೇಕೆಂದರೆ ಅವಳಿಗೆ ‘ತುಮ’ ಅನ್ನುತ್ತಾರೆ, ಮಾತಿನಲ್ಲಿ ಎಲ್ಲ ‘ತು’. ಕ್ರಿಯಾಪದದಲ್ಲೂ ಸುಳಿವಿಲ್ಲ. ಕನ್ನಡಕ್ಕೆ ತರುವಾಗ ಬಂದನೋ, ಬಂದಳೋ, ಬಂದರೋ ಅಂತ ನೀವು ತೀರ್ಮಾನ ಮಾಡಲೇಬೇಕು. ಮೂರನೇ ಸಾಲನ್ನು ಮಾರನೇ ದಿನ ಬರೆಯಿರಿ ಅಂದದ್ದು ಇದಕ್ಕೂ ಸೇರಿಯೇ. ಇನ್ನೂ ಎರಡು ಪುಟ ಓದಿದ ಮೇಲೆ ಗೊತ್ತಾಗುತ್ತದೆ.

ಇನ್ನೊಂದು ಪದ ಕಲಿತುಕೊಳ್ಳಿ, ‘ಆನಾದೆ’. ಬರ್ಮೀಸ್ ಕಲಿಸುವವರೆಲ್ಲ ಇದನ್ನು ಬೇರೆ ಭಾಷೆಗೆ ತರಲಾಗದ ಪದ ಅನ್ನುತ್ತಾರೆ. ಎದುರಿನವರಿಗೆ ತೊಂದರೆಯಾಗುತ್ತದಲ್ಲ, ಬೇಜಾರಾಗುತ್ತದಲ್ಲ ಅಂತ ಬಾಯಿ ಕಟ್ಟಿಕೊಳ್ಳುವುದು. ಇಂಗ್ಲಿಷಿನಲ್ಲಿ ಅದಕ್ಕೆ ಅರ್ಧ ಪುಟ ವಿವರಣೆ ಕೊಡುತ್ತಾರೆ. ನಮ್ಮಲ್ಲಿ ಒಂದೇ ಪದ ಇದೆ: ದಾಕ್ಷಿಣ್ಯ. ದಾಕ್ಷಿಣ್ಯಕ್ಕೆ ಬಸಿರಾದರು ಅನ್ನುವ ಗಾದೆ ಇರುವ ಭಾಷೆಯವರಿಗೆ ಆನಾದೆ ಬಿಡಿಸಿ ಹೇಳಬೇಕೆ? ‘ನಾ’ ಅಂದರೆ ನೋವು. ಹೆಂಗಸರ ಬದುಕಿನ ಕಥೆಗಳಲ್ಲಿ ಎಷ್ಟೋ ಸಂಕಟ ಈ ಒಂದು ಪದದಿಂದ ಹುಟ್ಟುತ್ತದೆ.

ಹಳೇ ಪುಸ್ತಕ ಕೊಳ್ಳುವವರಿಗೆ

ಯಾಂಗೋನಿನಲ್ಲಿ ಹಳೇ ಪುಸ್ತಕಕ್ಕೆ ಪಾನ್ಸೋದಾನ್ ರಸ್ತೆಯ ಫುಟ್‌ಪಾತ್ ಮತ್ತು ಅದರ ಹತ್ತಿರದ 37ನೇ ಬೀದಿ. ನಾನಿದ್ದಾಗ ಟಾರ್ಪಾಲಿನ ಮೇಲೆ ಎದೆ ಎತ್ತರ ಪೇರಿಸಿಟ್ಟಿರುತ್ತಿದ್ದರು. ಕೇಳುವುದು ಹೀಗೆ: ‘ಸಯಾಮ ಜೂ ಸಾಓ ಶೀಲಾ?’ ಅಂದರೆ, ಸಯಾಮ ಜೂ ಅವರ ಪುಸ್ತಕ ಇದೆಯಾ? ಶೀದೆ ಅಂದರೆ ಇದೆ. ಮಶೀಬು ಅಂದರೆ ಇಲ್ಲ. ಬರ್ಮೀಸರಿಗೆ ಮನೆತನದ ಹೆಸರು ಇರುವುದಿಲ್ಲ, ಆದ್ದರಿಂದ ಹೆಸರಿನ ಕೊನೆಯ ತುಂಡು ಹಿಡಿದು ಹುಡುಕಿದರೆ ಯಾವ ಲೇಖಕರೂ ಸಿಗುವುದಿಲ್ಲ. ಪೂರ್ತಿ ಹೆಸರೇ ಬೇಕು. ಒಂದೇ ಹೆಸರಿನವರು ತುಂಬಾ ಜನ ಇದ್ದರೆ ಊರನ್ನೋ ಬಡಾವಣೆಯನ್ನೋ ಜೊತೆಗೆ ಬರೆದುಕೊಳ್ಳುತ್ತಾರೆ. ಮ ತೀದಾ ಅವರು ‘ಮ ತೀದಾ, ಸಾನ್‌ಚಾಂಗ್’. ಸಾನ್‌ಚಾಂಗ್ ಯಾಂಗೋನಿನ ಒಂದು ಬಡಾವಣೆ.

ಕೈಯಲ್ಲಿರುವ ಪ್ರತಿ ಯಾವ ಕಾಲದ್ದು ಅಂತ ತಿಳಿಯಲು ಮೊದಲ ಪುಟಗಳನ್ನು ನೋಡಿ. ಸೇನಾ ಆಡಳಿತದ ಕಾಲದಲ್ಲಿ ಪುಸ್ತಕ ಅಚ್ಚಾಗಬೇಕಾದರೆ ಸೆನ್ಸಾರ್ ಇಲಾಖೆಯ ಅನುಮತಿ ಬೇಕಿತ್ತು. ಒಳಪುಟಕ್ಕೆ ಒಂದು ನಂಬರು, ಮುಖಪುಟಕ್ಕೆ ಇನ್ನೊಂದು. ಎರಡನ್ನೂ ಅಚ್ಚು ಹಾಕಿರುತ್ತಾರೆ. 1988ರಲ್ಲಿ ಸೈನ್ಯ ಮತ್ತೆ ಅಧಿಕಾರ ಹಿಡಿದ ನಂತರದ ಕಾಲದ ಪುಸ್ತಕವಾದರೆ ಕಥೆಗೂ ಮುಂಚೆ ‘ನಮ್ಮ ಮೂರು ಕರ್ತವ್ಯ’ ಅನ್ನುವ ಸರ್ಕಾರದ ಘೋಷಣೆ ಇರುತ್ತದೆ. ಒಕ್ಕೂಟ ಒಡೆಯಬಾರದು, ಜನರ ಒಗ್ಗಟ್ಟು ಒಡೆಯಬಾರದು, ಸಾರ್ವಭೌಮತ್ವ ಉಳಿಯಬೇಕು. ಪ್ರೇಮಕಥೆಗೂ ಅದೇ, ಅಡುಗೆ ಪುಸ್ತಕಕ್ಕೂ ಅದೇ.

ಹಳೇ ಮಾಸಪತ್ರಿಕೆ ಸಿಕ್ಕರೆ ಪುಟಗಳನ್ನು ಎಣಿಸಿ. ಅಚ್ಚಾದ ಮೇಲೆ ಸೆನ್ಸಾರಿನವರು ಬೇಡ ಅಂದ ಪುಟಗಳನ್ನು ಹರಿಯಬೇಕಿತ್ತು. ಸಾಲುಗಳಾದರೆ ಬೆಳ್ಳಿ ಬಣ್ಣದ ಇಂಕು ಬಳಿಯುತ್ತಿದ್ದರು. ಅಂಥದೊಂದು ಪುಟವನ್ನು ನಾನು ಪಾನ್ಸೋದಾನಿನಲ್ಲಿ ಕೈಯಲ್ಲಿ ಹಿಡಿದಿದ್ದೇನೆ. ನಾಲ್ಕು ಸಾಲು ಮುಚ್ಚಿತ್ತು. ಬಿಸಿಲಿಗೆ ಹಿಡಿದರೆ ಬೆಳ್ಳಿ ಪಟ್ಟಿ ಮಿಂಚುತ್ತಿತ್ತು. ಹಿಂದಿನಿಂದ ಒಂದೆರಡು ದುಂಡಕ್ಷರ ಕಂಡಂತಾಯಿತು, ಓದಲಾಗಲಿಲ್ಲ. ಅಚ್ಚಿಗೆ ಮುಂಚಿನ ಸೆನ್ಸಾರ್ ನಿಂತದ್ದು 2012ರ ಆಗಸ್ಟ್ 20ಕ್ಕೆ. ನಾನು ಅಲ್ಲಿಗೆ ಹೋದದ್ದು ಅದಾದ ಒಂದು ವರ್ಷಕ್ಕೆ. ಅಂಗಡಿಯವರು ಆಗ ಎಷ್ಟು ಹುರುಪಿನಲ್ಲಿದ್ದರು ಅಂತ ಹೇಳಲು ಬಾರದು.

1987ರ ಆ ಕಾದಂಬರಿ ಓದುವಾಗ ಆ ವರ್ಷವನ್ನೂ ಮನಸ್ಸಿನಲ್ಲಿಡಿ. ಸೆಪ್ಟೆಂಬರ್ 5ಕ್ಕೆ ಸರ್ಕಾರ 25, 35, 75 ಚಾಟ್ ನೋಟುಗಳನ್ನು ಇದ್ದಕ್ಕಿದ್ದಂತೆ ರದ್ದು ಮಾಡಿತು. ಬದಲಿಗೆ ಹಣ ಕೊಡಲಿಲ್ಲ. ಫೀಸಿಗೆ, ಊಟಕ್ಕೆ ಇಟ್ಟುಕೊಂಡಿದ್ದ ದುಡ್ಡು ವಿದ್ಯಾರ್ಥಿಗಳ ಕೈಯಲ್ಲೇ ಕಾಗದವಾಯಿತು. ಮುಂದಿನ ವರ್ಷ ಆಗಸ್ಟ್ 8ಕ್ಕೆ ದೇಶವೇ ಬೀದಿಗೆ ಬಂತು. ಕಾಲೇಜುಗಳು ವರ್ಷಗಟ್ಟಲೆ ಮುಚ್ಚಿದವು. ಹೆಣ್ಣೊಬ್ಬಳು ತನ್ನ ಇಷ್ಟದಂತೆ ಬಾಳುವ ಕಥೆಯನ್ನು ಯುವಕ ಯುವತಿಯರು ಕೈಯಿಂದ ಕೈಗೆ ದಾಟಿಸಿ ಓದಿದ್ದು ಆ ಕಾಲದಲ್ಲಿ.

ಫೋನಿನಲ್ಲಿ ಓದುವವರಿಗೆ

ಸ್ಕ್ಯಾನ್ ಮಾಡಿದ ಪುಟವಾದರೆ ತೊಂದರೆಯಿಲ್ಲ. ಟೈಪ್ ಮಾಡಿದ ಪಠ್ಯವಾದರೆ ಎಚ್ಚರ. ಬರ್ಮೀಸ್‌ಗೆ ಬಹಳ ವರ್ಷ ಜನ ಬಳಸಿದ್ದು ಝಾಜಿ ಅನ್ನುವ ಫಾಂಟು, ಅದು ಯೂನಿಕೋಡ್ ಅಲ್ಲ. 2019ರ ಅಕ್ಟೋಬರ್ 1ರಿಂದ ದೇಶ ಅಧಿಕೃತವಾಗಿ ಯೂನಿಕೋಡ್‌ಗೆ ಬದಲಾಯಿತು. ಅದಕ್ಕೂ ಹಿಂದಿನ ಝಾಜಿ ಪಠ್ಯ ಇವತ್ತಿನ ಫೋನಿನಲ್ಲಿ ಕಲಸುಮೇಲೋಗರವಾಗಿ ಕಾಣುತ್ತದೆ. ಸ್ವರ ಒಂದು ಕಡೆ, ವ್ಯಂಜನ ಇನ್ನೊಂದು ಕಡೆ, ನಡುವೆ ಚುಕ್ಕಿ ಬಿಡಿಸಿದ ಖಾಲಿ ಸೊನ್ನೆ. ನಿಮ್ಮ ಓದು ತಪ್ಪಾಗಿದೆ ಅಂದುಕೊಳ್ಳಬೇಡಿ. ಪರಿವರ್ತಿಸುವ ಉಚಿತ ಸೌಲಭ್ಯಗಳಿವೆ, ಅದರಲ್ಲಿ ಹಾಕಿ ತೆಗೆಯಿರಿ. ಎ-ಕಾರದ ಗುರುತು ಅಕ್ಷರದ ಎಡಕ್ಕೆ ಬರುವುದು ಮಾತ್ರ ಸರಿಯೇ, ಅದು ಲಿಪಿಯ ಪದ್ಧತಿ.

ನಡುವೆ ದಣಿವಾದರೆ

ಆಗ ಮ ತೀದಾ ಅವರನ್ನು ಓದಿ. ಇವರ ಪುಸ್ತಕಗಳು ಇಂಗ್ಲಿಷಿನಲ್ಲೂ ಸಿಗುತ್ತವೆ. ಹುಟ್ಟಿದ್ದು 1966, ಯಾಂಗೋನಿನಲ್ಲಿ. ಸರ್ಜನ್. 1993ರಲ್ಲಿ ಬಂಧನವಾಗಿ 20 ವರ್ಷದ ಶಿಕ್ಷೆಯಾಯಿತು. ಇನ್ಸೇನ್ ಜೈಲಿನಲ್ಲಿ ಕ್ಷಯ ಹಿಡಿಯಿತು, ವಿಪಸ್ಸನ ಧ್ಯಾನ ಕೈಹಿಡಿಯಿತು. 1999ರಲ್ಲಿ ಬಿಡುಗಡೆ. ಆ ವರ್ಷಗಳ ಬಗ್ಗೆ ಅವರೇ ಬರೆದ ಪುಸ್ತಕದ ಇಂಗ್ಲಿಷ್ ರೂಪ 2016ರಲ್ಲಿ ಬಂತು. ಜೂ ಮತ್ತು ಇವರ ಬರವಣಿಗೆಗೆ ಹೋಲಿಕೆ ಕಡಿಮೆ. ಆದರೆ ಮೆಡಿಕಲ್ ಓದಿದ ಹೆಣ್ಣುಮಗಳೊಬ್ಬಳು ಪೆನ್ನು ಹಿಡಿದರೆ ಆ ದೇಶ ಅದಕ್ಕೆ ಏನು ಬೆಲೆ ಕೇಳಬಹುದು ಅನ್ನುವುದು ಇಲ್ಲಿ ತಿಳಿಯುತ್ತದೆ. ಅದು ತಿಳಿದ ಮೇಲೆ ಜೂ ಅವರ ಪ್ರೇಮಕಥೆಗಳ ಧೈರ್ಯವೂ ಹೆಚ್ಚು ಅರ್ಥವಾಗುತ್ತದೆ. 2021ರ ಫೆಬ್ರವರಿಯಲ್ಲಿ ಸೈನ್ಯ ಮತ್ತೆ ಅಧಿಕಾರ ಕಿತ್ತುಕೊಂಡಾಗ ಕೆಲಸ ಬಿಟ್ಟು ಮೊದಲು ಹೊರಗೆ ಬಂದವರು ಸರ್ಕಾರಿ ಆಸ್ಪತ್ರೆಗಳ ಡಾಕ್ಟರುಗಳು, ನರ್ಸುಗಳು. ಆ ವಾರ ನಾನು ಫೋನ್ ಕೆಳಗಿಡಲಿಲ್ಲ.

‘ಸಯಾಮ’ವನ್ನು ಕನ್ನಡಕ್ಕೆ ತರುವ ಬಗೆ

ಕೊನೆಗೆ ಒಂದು ಪದದ ಬಗ್ಗೆ. ನೀವು ಓದಿದ್ದನ್ನು ಕನ್ನಡದಲ್ಲಿ ಬರೆಯಲು ಕೂತರೆ ಇದು ನಿಮ್ಮನ್ನು ನಿಲ್ಲಿಸುತ್ತದೆ. ‘ಸಯಾ’ ಅಂದರೆ ಗುರು, ‘ಆಚಾರ್ಯ’ ಅನ್ನುವ ನಮ್ಮ ಪದದ ನೆಂಟ. ಹೆಂಗಸಾದರೆ ಸಯಾಮ. ಟೀಚರು ಸಯಾಮ. ಡಾಕ್ಟರಿಗೆ ಸಯಾವುನ್ ಅನ್ನುವ ಪದ ಇದೆ, ಎದುರಿಗೆ ಕರೆಯುವುದು ಸಯಾಮ. ಬರೆಯುವವರು ಸಾಯೇ ಸಯಾಮ, ಅವರನ್ನೂ ಕರೆಯುವುದು ಸಯಾಮ. ಜೂ ಡಾಕ್ಟರಾಗಿದ್ದಾಗಲೂ ಸಯಾಮ, ಕಾದಂಬರಿ ಬರೆದ ಮೇಲೂ ಸಯಾಮ.

ನಾನು ಮೊದಲು ಸಂದರ್ಭ ನೋಡಿ ‘ಡಾಕ್ಟ್ರೇ’, ‘ಮೇಡಂ’, ‘ಟೀಚರ್’ ಅಂತ ಬದಲಾಯಿಸಿ ಬರೆಯುತ್ತಿದ್ದೆ. ಟೀಚರಮ್ಮನಿಗೆ ಅದನ್ನು ಓದಿ ಹೇಳಿದೆ. ಅವರು ಬೆರಳು ಮಡಚುತ್ತಾ ಎಣಿಸಿದರು. ‘ಒಂದು ಪದಕ್ಕೆ ಮೂರು ಪದವಾ, ತಮೀ? ಹಾಗಾದರೆ ನಿಮ್ಮ ಕಡೆ ಮೂವರಿಗೂ ಕೊಡುವ ಗೌರವ ಬೇರೆ ಬೇರೆಯಾ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂರನೇ ಸಾಲಿನಲ್ಲಿ ಬರೆದದ್ದನ್ನು ಹೊಡೆದುಹಾಕಿ ‘ಸಯಾಮ’ ಅಂತಲೇ ಬರೆದೆ. ಈಗಲೂ ಹಾಗೇ ಬಿಡುತ್ತೇನೆ. ಮೊದಲ ಪುಟದಲ್ಲಿ ಒಮ್ಮೆ ಅರ್ಥ ಹೇಳಿದರೆ ಸಾಕು.